ನೀಲಿ ದಾರ, ಕೆಂಪು ದಾರ

ಭಾನುವಾರದ ಬೆಳ್ಳುಳ್ಳಿ ಸೂಪು ತಳ ಹಿಡಿದು ಕರಕಲಾಗಿತ್ತು. ಮಾಡಿದವನು ತಮ್ಮ ರೆಮಿ. ಒದಿಲ್ ಒಂದೇ ಚಮಚಕ್ಕೆ ಮುಖ ಕಿವುಚಿದಳು. ಅಪ್ಪ ಮಾತ್ರ ಬಟ್ಟಲು ಖಾಲಿ ಮಾಡಿ ಇನ್ನೊಂದು ಸೌಟು ಹಾಕಿಸಿಕೊಂಡ. ಅವಳು ಚಮಚ ಕೆಳಗಿಟ್ಟಳು. ಅಕ್ಟೋಬರಿನ ಜ್ವರ ಅಪ್ಪನ ವಾಸನೆ ಹಿಡಿಯುವ ಮೂಗನ್ನೇ ತಿಂದುಹಾಕಿತೇ?

ಆ ಮೂಗಿನ ಮೇಲೆಯೇ ಅವಳ ಬದುಕು ನಿಂತಿತ್ತು. ಗ್ರೆನಾಶ್, ಸಿರಾ, ಮೂರ್ವೆದ್ರ್ ಎಂಬ ಮೂರು ದ್ರಾಕ್ಷಿಗಳ ವೈನನ್ನು ಕೂಡಿಸಿ, ಬಾಯಿ ತುಂಬುವಂಥ ಗಟ್ಟಿ ಕೆಂಪು ವೈನ್ ಮಾಡುವುದು ಆ ಮನೆಯ ಕಸುಬು. ಅಪ್ಪ, ಮುದುಕ ಫುಲ್ಕ್ರಾಂ, ಈ ಚಳಿಗಾಲಕ್ಕೆ ಅದನ್ನು ಕೈಬಿಡುವವನಿದ್ದ. ಮಕ್ಕಳಿಬ್ಬರೂ ಒಂದೊಂದು ಪೀಪಾಯಿ ಹದ ಮಾಡಬೇಕು. ಅಪ್ಪನ ನಾಲಿಗೆಗೆ ಯಾರದು ಮೇಲೋ ಅವರಿಗೆ ತೋಟ, ನೆಲಮಾಳಿಗೆ ಎಲ್ಲ. ಒದಿಲ್ ಹದಿನೆಂಟು ವರ್ಷ ಆ ನೆಲಮಾಳಿಗೆಯಲ್ಲಿ ಕೈ ಕಪ್ಪು ಮಾಡಿಕೊಂಡವಳು. ರೆಮಿ ತನ್ನ ಹದವನ್ನು ಒಂದೇ ಮಧ್ಯಾಹ್ನದಲ್ಲಿ, ಸಿಳ್ಳೆ ಹಾಕುತ್ತಾ ಮುಗಿಸಿದ್ದ.

ಅಪ್ಪನಿಗೆ ಮಗನೆಂದರೆ ಒಂದು ಕೈ ಮೇಲೆ, ಅದೇನು ಗುಟ್ಟಲ್ಲ. ಚಿಕ್ಕಂದಿನಿಂದ ಬ್ರೆಡ್ಡಿನ ಗರಿಗರಿ ತುದಿ ರೆಮಿಗೇ. ಆದರೆ ವೈನಿನ ವಿಷಯದಲ್ಲಿ ಅಪ್ಪ ಸುಳ್ಳಾಡಿದವನಲ್ಲ. ಒಂದು ವರ್ಷ ವಾಸನೆ ಸರಿಯಿಲ್ಲವೆಂದು ತನ್ನದೇ ತೊಟ್ಟಿಯನ್ನು ಊರವರೆದುರು ಚರಂಡಿಗೆ ಬಿಟ್ಟಿದ್ದ. ಅದೊಂದನ್ನು ಒದಿಲ್ ನಂಬಿದ್ದಳು.

ಗುರುವಾರ ನೋಟರಿ ಕಜಾಲ್ ಆಸ್ತಿಯ ಕಾಗದಪತ್ರ ಹಿಡಿದು ಬಂದ. ಅಪ್ಪನ ಹಳೆಯ ಇಸ್ಪೀಟು ಗೆಳೆಯ.

“ರೆಮಿ, ಎರಡು ಪೀಪಾಯಿಂದ ಒಂದೊಂದು ಸೀಸೆ ತುಂಬ್ಕೊಂಡ್ ಬಾರೋ,” ಅಪ್ಪ ಹೇಳಿದ.

“ಅಕ್ಕ ತರ್ತಾಳೆ ಬಿಡಪ್ಪ. ನನ್ನ ಶೂ ನೋಡು, ಹೊಸದು.”

ಒದಿಲ್ ಇಳಿದುಹೋದಳು. ಎರಡು ಸೀಸೆ ತೊಳೆದು ತುಂಬಿದಳು. ತಮ್ಮನ ಹೆಸರಿಗೆ ನೀಲಿ ದಾರ, ತನ್ನ ಹೆಸರಿಗೆ ಕೆಂಪು. ಮೇಲೆ ತಂದು, ಯಾವ ದಾರ ಯಾರದೆಂದು ಹೇಳಿ ಮೇಜಿನ ಮೇಲಿಟ್ಟಳು.

“ಯಾರದು ಯಾವುದು ಅಂತ ಮುಚ್ಚಿಡೋದು ಬೇಡ್ವಾ?” ಕಜಾಲ್ ಕೇಳಿದ.

“ನನ್ನ ನಾಲಿಗೆ ನೆಂಟಸ್ತಿಕೆ ನೋಡಲ್ಲ ಕಣಯ್ಯ.”

ಫುಲ್ಕ್ರಾಂ ನೀಲಿ ದಾರದ್ದನ್ನು ಮೂಸಿದ. ಒಂದು ಗುಟುಕು ಹೀರಿ ಬಕೆಟ್ಟಿಗೆ ಉಗಿದ. ಆಮೇಲೆ ಕೆಂಪಿನದು. ತುಂಬ ಹೊತ್ತು ಮೂಸಿದ. ತಲೆಯೆತ್ತಿ ಮಗಳನ್ನು ನೋಡಿದ. ಮತ್ತೆ ಲೋಟಕ್ಕೆ ಬಗ್ಗಿ, ಉಗಿಯದೆ, ತಳ ಕಾಣುವವರೆಗೂ ಕುಡಿದ.

“ನೀಲಿದು ಗಂಡು ವೈನ್. ಮೈಕಟ್ಟಿದೆ. ಕೆಂಪಿಂದು ತೆಳು. ಕೊನೇಲಿ ಕಹಿ.”

“ಹಾಗಾದ್ರೆ ನಂದೇನಾ?” ರೆಮಿಗೇ ನಂಬಿಕೆ ಬಂದಂತಿರಲಿಲ್ಲ.

ಅಪ್ಪ ರುಜು ಹಾಕಿದ. ರೆಮಿ ನೋಟರಿಯ ಹೆಗಲ ಮೇಲೆ ಕೈ ಹಾಕಿಕೊಂಡು ಕೆಫೆಗೆ ಹೊರಟ.

ಒದಿಲ್ ಲೋಟ ತೊಳೆಯಲು ನಿಂತಳು. ತೋಟ ಕೈತಪ್ಪಿತ್ತು. ಆದರೂ ಮುದುಕನ ಮೇಲೆ ಕನಿಕರವೇ ಹೆಚ್ಚಾಯಿತು. ಮೂಗು ಸತ್ತವನ ಮೇಲೆ ಸಿಟ್ಟು ಮಾಡಿ ಏನು ಬಂತು?

“ಅಪ್ಪಾ, ಬೇಜಾರು ಮಾಡ್ಕೋಬೇಡ. ರೆಮಿ ಪೀಪಾಯಿನ ನಾನು ಮುಟ್ಟೇ ಇಲ್ಲ. ನಿನ್ನ ಮೂಗು ಪರೀಕ್ಷೆ ಮಾಡೋಣ ಅಂತ ಎರಡು ಸೀಸೇಲೂ ನನ್ನ ವೈನೇ ತುಂಬಿದ್ದೆ. ಮೂಗು ನೆಟ್ಟಗಿದ್ದಿದ್ರೆ ನೀನೇ ಎರಡೂ ಒಂದೇ ಅಂತಿದ್ದೆ. ಕಾಗದ ವಾಪಸ್ ತರ್ಸು. ನಾಳೆ ಡಾಕ್ಟರ ಹತ್ರ ಹೋಗೋಣ.”

ಫುಲ್ಕ್ರಾಂ ಕಿಟಕಿಯಾಚೆ ಸವರಿ ನಿಲ್ಲಿಸಿದ ಮೋಟು ಬಳ್ಳಿಗಳನ್ನು ನೋಡುತ್ತಿದ್ದ.

“ನಿಂಗೆ ಯಾರ ನೆಲಮಾಳಿಗೇಲಾದ್ರೂ ಕೆಲಸ ಕೊಡ್ತಾರೆ. ಅವನಿಗೆ ಇದು ಬಿಟ್ರೆ ಬೇರೇನೂ ಬರಲ್ಲ. ಇದೂ ಬರಲ್ಲ.” ಖಾಲಿ ಲೋಟವನ್ನು ತೊಳೆಯಲೆಂದು ಅವಳ ಕಡೆ ಸರಿಸಿದ.

“ಎರಡೂ ನಿಂದೇ ಅಂತ ಮೂಸಿದ ತಕ್ಷಣ ಗೊತ್ತಾಯ್ತು ಮಗಳೇ. ಅವತ್ತು ಸೂಪು ಸೀದಿದ್ದೂ ಗೊತ್ತಾಗಿತ್ತು.”