ಸುಮ್ಮನಿದ್ದವನು

ಹದಿನಾರು ವರ್ಷದ ಸಂಸಾರದಲ್ಲಿ ಹೆಂಡತಿ ಬರೆದ ಒಂದು ಸಾಲನ್ನೂ ಓದದ ಗಂಡ ಅಂದು ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ವಾರಪತ್ರಿಕೆ ಹರಡಿಕೊಂಡು, ಅವಳ ಧಾರಾವಾಹಿಯ ಹನ್ನೊಂದನೇ ಕಂತನ್ನು ಎರಡನೇ ಸಲ ಓದುತ್ತಿದ್ದ. ಲೋಟದಲ್ಲಿದ್ದ ಚಹಾ ಕೆನೆಗಟ್ಟಿತ್ತು. ಅವಳು ಒಲೆಯ ಮುಂದೆ ನಿಂತು, ಬೇರೆ ಕೆಲಸ ತೋಚದೆ, ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಿದ್ದಳು.

“ಈ ಪೇಂಟರ್ ನಾನೇ ಅಲ್ವಾ?” ಎಂದ, ತಲೆಯೆತ್ತದೆ.

“ಅಯ್ಯೋ, ಅವನಿಗೆ ಮೀಸೆ ಇದೆಯಲ್ರೀ!”

ನಗಿಸಲು ಹೇಳಿದ ಮಾತು, ಅವನು ನಗಲಿಲ್ಲ. ಸಿಕ್ಕಿಬಿದ್ದೆ ಎಂದುಕೊಂಡಳು. ಅವಳ ಬರವಣಿಗೆಯ ಕ್ರಮವೇ ಹಾಗೆ. ಕಥೆ ಶುರುಮಾಡುವ ಮೊದಲು ಒಂದೊಂದು ಪಾತ್ರಕ್ಕೂ ಒಂದೊಂದು ಹಾಳೆ. ಇವನು ಯಾವುದಕ್ಕೆ ಹೆದರುತ್ತಾನೆ, ಯಾವುದನ್ನು ಮರೆಯುವುದಿಲ್ಲ, ಸಿಟ್ಟು ಬಂದರೆ ಏನು ಮಾಡುತ್ತಾನೆ ಎಂದು ಗುಣಗಳನ್ನೆಲ್ಲ ಬರೆದಿಟ್ಟುಕೊಳ್ಳುತ್ತಿದ್ದಳು. ಗುಣ ಸರಿಯಾಗಿ ಸಿಕ್ಕರೆ ಜಗಳವೂ ಕಥೆಯೂ ತಾವಾಗಿಯೇ ಹುಟ್ಟುತ್ತವೆ, ತಾನು ಅವುಗಳ ಹಿಂದೆ ಹೋದರಾಯಿತು ಎಂಬುದು ಅವಳ ನಂಬಿಕೆ. ಈ ಸಲ ಊರೆಲ್ಲ ಹುಡುಕುವ ಬದಲು ಮನೆಯಲ್ಲಿದ್ದವನನ್ನೇ ಹಾಳೆಗಿಳಿಸಿದ್ದಳು. ಲಿಫ್ಟ್ ರಿಪೇರಿ ಮಾಡುವವನನ್ನು ಪೇಂಟರ್ ಮಾಡಿ, ಮೇಲೊಂದು ಮೀಸೆ ಅಂಟಿಸಿದ್ದಳು. ಗುಣಕ್ಕೆ ಮಾತ್ರ ಕೈಹಚ್ಚಿರಲಿಲ್ಲ: ದನಿ ಏರಿಸುವುದಿಲ್ಲ, ಕೈ ಎತ್ತುವುದಿಲ್ಲ, ತನ್ನನ್ನು ನೋಡಿ ನಕ್ಕವರನ್ನು ಮರೆಯುವುದಿಲ್ಲ.

“ಮೀಸೆ ಹಾಗಿರಲಿ. ಇದನ್ನ ನಿನಗೆ ಯಾರು ಹೇಳಿದ್ರು?”

ಅವನ ಬೆರಳು ಕಂತಿನ ಕೊನೆಯ ಪ್ಯಾರಾದ ಮೇಲಿತ್ತು. ಅಲ್ಲಿ, ಎಲ್ಲರೆದುರು ಪೇಂಟರನ್ನು ಗೇಲಿ ಮಾಡಿದ್ದ ಜೊತೆಗಾರ ಏಣಿ ಹತ್ತುತ್ತಾನೆ. ಏಳನೇ ಮೆಟ್ಟಿಲು ಸೀಳಿರುವುದು ಪೇಂಟರನಿಗೆ ಗೊತ್ತು. ಅವನು ಬ್ರಷ್ ತೊಳೆಯುತ್ತಾ ಸುಮ್ಮನಿರುತ್ತಾನೆ.

“ಯಾರು ಹೇಳಬೇಕು? ನಾನೇ ಕಟ್ಟಿದ್ದು. ಮೊದಲು ಇಬ್ಬರಿಗೂ ಜಗಳ ಹಚ್ಚೋಣ ಅಂತಿದ್ದೆ, ಇವನು ಜಗಳಕ್ಕೇ ಬರಲಿಲ್ಲ. ಅಂಥವನು ಹೊಡೆಯಲ್ಲ, ಬಡಿಯಲ್ಲ. ಸುಮ್ಮನಿದ್ದುಬಿಡ್ತಾನೆ ಅನ್ನಿಸ್ತು, ಬರೆದೆ.”

“ಸುಳ್ಳು ಹೇಳಬೇಡ. ನಾಲ್ಕನೇ ಮಹಡೀಲಿ ನಾವಿಬ್ಬರೇ ಇದ್ದಿದ್ದು. ಇನ್ಯಾರೂ ನೋಡಿಲ್ಲ.”

ಅವಳ ಕಥೆಯಲ್ಲಿ ನಾಲ್ಕನೇ ಮಹಡಿಯೇ ಇರಲಿಲ್ಲ. ಪೇಂಟರನ ಏಣಿ ನಿಂತಿದ್ದು ಒಂದು ಶಾಲೆಯ ಜಗಲಿಯಲ್ಲಿ.

ಗಂಡನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬನಿದ್ದ. ನಕ್ಕರೆ ಕಟ್ಟಡವೇ ಅದುರುತ್ತದೆ ಎಂದು ಎಲ್ಲರೂ ಅವನನ್ನು ‘ಗುಡುಗು’ ಎನ್ನುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ, ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದಿದೆಯಲ್ಲ ಎಂದು ಅವನು ಲಿಫ್ಟಿನೊಳಗೆ ಕಾಲಿಟ್ಟ. ಲಿಫ್ಟ್ ಅಲ್ಲಿರಲಿಲ್ಲ. “ನಾನು ಕೆಳಗಡೆ ಇದ್ದೆ, ಸದ್ದು ಕೇಳಿ ಓಡಿದೆ” ಎಂದಿದ್ದ ಗಂಡ. ಪೊಲೀಸರಿಗೂ ಅಷ್ಟನ್ನೇ ಹೇಳಿದ್ದ. ಸತ್ತವನ ಹೆಂಡತಿಗೆ ತಿಂಗಳುಗಟ್ಟಲೆ ಇವಳೇ ಬುತ್ತಿ ಒಯ್ದಿದ್ದಳು. ಕಥೆ ಬರೆಯುವಾಗ ಮಾತ್ರ ಅವನ ನೆನಪು ಅಪ್ಪಿತಪ್ಪಿಯೂ ಬಂದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಅವಳು ಕಳ್ಳ ಎಂದು ಕೂಗಿಯೂ ಇರಲಿಲ್ಲ. ಒಂದು ಗುಣದ ಹಿಂದೆ ಹೆಜ್ಜೆ ಹಾಕಿದ್ದಳು, ಅದು ಅವಳನ್ನು ಆ ತೆರೆದ ಬಾಗಿಲಿಗೇ ತಂದು ನಿಲ್ಲಿಸಿತ್ತು.

ಅವಳ ಮುಖ ನೋಡಿ ಅವನಿಗೂ ಅರ್ಥವಾಯಿತು.

“ಹಾಗಾದ್ರೆ ನಿನಗೆ ನಿಜವಾಗ್ಲೂ ಗೊತ್ತಿರಲಿಲ್ಲ.” ಪತ್ರಿಕೆಯನ್ನು ನಾಲ್ಕು ಮಡಿಕೆ ಮಡಿಚಿದ. “ಈಗ ಗೊತ್ತಾಯ್ತು.”

“ನನಗೇನು ಗೊತ್ತು? ನನಗೇನೂ ಗೊತ್ತಿಲ್ಲಪ್ಪ.”

“ಮುಂದಿನ ವಾರ ಕೊನೇ ಕಂತಲ್ವಾ? ಏನಾಗುತ್ತೆ ಅದರಲ್ಲಿ?”

ಪೇಂಟರನ ಹೆಂಡತಿಗೆ ವಿಷಯ ತಿಳಿಯುವುದೇ ಕೊನೆಯ ಕಂತು. ತಿಳಿದ ಮೇಲೆ ಪೇಂಟರ್ ಏನು ಮಾಡುತ್ತಾನೆ ಎಂದು ಮೂರು ದಿನದಿಂದ ಅವಳು ಅವನ ಗುಣಗಳ ಹಾಳೆಯನ್ನೇ ನೋಡುತ್ತಿದ್ದಳು. “ಹೆಂಡತಿಗೆ ಎಲ್ಲ ತಿಳಿಯುತ್ತೆ. ಅವನು ಅವಳ ಮುಂದೆ ಅತ್ತುಬಿಡ್ತಾನೆ. ಅವಳು ಯಾರಿಗೂ ಹೇಳಲ್ಲ. ಸಾಯೋವರೆಗೂ ಹೇಳಲ್ಲ” ಎಂದಳು. ಅಷ್ಟು ಬೇಗ ಅವಳು ಯಾವ ಕಥೆಯನ್ನೂ ಕಟ್ಟಿರಲಿಲ್ಲ.

“ಅವನು ಅಳೋನಲ್ಲ ಕಣೇ. ಇಷ್ಟು ಚೆನ್ನಾಗಿ ಬರೆದು ಕೊನೇಲಿ ಕೆಡಿಸಬೇಡ.”

ದನಿ ಎಂದಿನಂತೆಯೇ ಮೆತ್ತಗಿತ್ತು. ಅವನು ಲೋಟ ತೊಳೆದು ಬೋರಲು ಹಾಕಿದ. ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿ, ಷೂ ಹಾಕಿಕೊಂಡು, ಬಾಗಿಲಲ್ಲಿ ನಿಂತು ಹಿಂದೆ ತಿರುಗಿದ. ಯಂತ್ರಗಳನ್ನು ನೋಡಿ ನೋಡಿ ಪಳಗಿದ ಕಣ್ಣು ಅಡುಗೆಮನೆಯನ್ನೆಲ್ಲ ಒಂದು ಸುತ್ತು ಹಾಕಿತು: ಗ್ಯಾಸಿನ ಪೈಪು, ಸ್ವಿಚ್ಚುಗಳು, ಅಟ್ಟಕ್ಕೆ ಹತ್ತುವ ಸ್ಟೂಲು, ಮಿಕ್ಸಿಯ ವೈರು, ತಲೆಯ ಮೇಲಿನ ಫ್ಯಾನು. ಎಲ್ಲೋ ಒಂದು ಕಡೆ ಅದು ಅರೆಗಳಿಗೆ ನಿಂತಿತು. ಎಲ್ಲಿ ಎಂದು ಅವಳಿಗೆ ಗೊತ್ತಾಗಲಿಲ್ಲ.

“ಏನ್ರೀ? ಏನು ನೋಡಿದ್ರಿ?” ಅವನ ಕಣ್ಣು ಹೋದಲ್ಲೆಲ್ಲ ಅವಳೂ ನೋಡಿದಳು. “ಏನಾದ್ರೂ ಹಾಳಾಗಿದ್ಯಾ? ಹೇಳ್ರೀ!”

“ಏನಿಲ್ಲ” ಎಂದು ಅವನು ಬಾಗಿಲೆಳೆದುಕೊಂಡು ಹೋದ.