ನಲವತ್ತು ಹೆಜ್ಜೆ

"ನೋಡಿ ಮೇಡಂ, ಈ ಹೊಸ ಕಟ್ಟಡಕ್ಕೆ ಬಂದಮೇಲೆ ಅಂಗವಿಕಲರು ಒಬ್ಬರೂ ಕಾಯ್ಬೇಕಾಗಿಲ್ಲ." ಉದ್ಯೋಗ ಕಚೇರಿಯ ಮುಖ್ಯಸ್ಥ ಸಾಪಾರ್‌ಬೆಕ್ ಖಾಲಿ ಬೆಂಚು ತೋರಿಸಿ ಬೀಗಿದ. ಕಚೇರಿ ಬದಲಾದದ್ದರಿಂದ ಅಂಗವಿಕಲರಿಗೆ ಏನಾಗಿದೆ ಎಂದು ಪರಿಶೀಲಿಸಲು ರಾಜಧಾನಿ ಬಿಷ್ಕೆಕ್‌ನಿಂದ ಬಂದಿದ್ದಳು ಕುಂದುಜ್. ಕಾಯುವವರಿಲ್ಲ, ಸರಿ. ಬರುವವರು?

"ಮೊದಲು ಬರ್ತಿದ್ದೋರೆಲ್ಲ ಎಲ್ಲಿ ಹೋದ್ರು?"

"ಕೆಲಸ ಬೇಡವೇನೋ. ಬುರುಲ್ಚಾ ಅಂತ ಒಬ್ಬಳು, ಪಟ್ಟೀಲಿ ಉಳಿಯೋಕೆ ತಿಂಗಳಿಗೊಮ್ಮೆ ಹಾಕೋ ಸಹಿಗೂ ಎರಡು ತಿಂಗಳಿಂದ ಬಂದಿಲ್ಲ. ಇವತ್ತೂ ಬರದಿದ್ರೆ ಹೆಸರು ಹೊಡೆದುಹಾಕ್ತೀನಿ."

"ದೂರದಲ್ಲಿದಾರಾ?"

"ದೂರ ಎಲ್ಲಿ ಬಂತು? ಹಳೇ ಕಚೇರಿ ಅಲ್ಲೇ ಎದುರಿಗಿದೆ. ರಸ್ತೆ ದಾಟಿದ್ರೆ ನಲವತ್ತೇ ಹೆಜ್ಜೆ." ಕಚೇರಿ ಬದಲಿಸಲು ಅವನು ಕಳಿಸಿದ್ದ ಅರ್ಜಿ ಕುಂದುಜ್‌ಳ ಕೈಯಲ್ಲಿತ್ತು, ಅದರಲ್ಲೂ ಅದನ್ನೇ ಬರೆದಿದ್ದ.

ಕುಂದುಜ್‌ಗೆ ಕುತೂಹಲ ತಡೆಯಲಾಗಲಿಲ್ಲ. ಅವನನ್ನೂ ಹೊರಡಿಸಿಕೊಂಡು ರಸ್ತೆ ದಾಟಿದಳು. ಹಳೇ ಕಚೇರಿ ಈಗ ಸಮೋಸದಂಥ ಸಂಸಾ ಮಾರುವ ಅಂಗಡಿಯಾಗಿತ್ತು. ಕುರುಡರ ಸಂಘದ ವಸತಿಯಿಂದ ಆ ಬಾಗಿಲವರೆಗೆ ರಸ್ತೆ ಬದಿಯಲ್ಲಿ ಉದ್ದಕ್ಕೂ ಒಂದು ಕಬ್ಬಿಣದ ಕಂಬಿ. ನೂರಾರು ಕೈ ಸವರಿ ಸವರಿ ಅದು ನುಣುಪಾಗಿತ್ತು. ಅದರ ತುದಿ ಹಿಡಿದು ಒಬ್ಬ ನಡುವಯಸ್ಸಿನ ಹೆಂಗಸು ನಿಂತಿದ್ದಳು, ಬುರುಲ್ಚಾ.

"ಎರಡು ತಿಂಗಳಿಂದ ಇಲ್ಲೀತನಕ ಬರ್ತಾನೇ ಇದೀನಿ," ಕುಂದುಜ್ ತಾವು ಯಾರೆಂದು ಹೇಳಿದಾಗ ಅವಳೆಂದಳು. "ಮುಂದೆ ಕಂಬಿ ಇಲ್ಲ. ಹೋದ ಸಲ ಒಬ್ಬ ಪುಣ್ಯಾತ್ಮ ಕೈ ಹಿಡ್ಕೊಂಡು ದಾಟಿಸೋಕೆ ಹೊರಟ. ಅರ್ಧ ರಸ್ತೇಲಿ ಅವನಿಗೆ ಬಸ್ಸು ಬಂತು, ನನ್ನ ಅಲ್ಲೇ ಬಿಟ್ಟು ಹತ್ತಿ ಹೋದ. ಕೆರೆ ಹತ್ರದ ಆರೋಗ್ಯಧಾಮದಲ್ಲಿ ಮಾಲೀಷಿನ ಕೆಲಸ ಸಿಗೋ ಹಾಗಿದೆ. ನಿಮ್ಮ ಪಟ್ಟೀಲಿ ಹೆಸರಿದ್ರೆ ಮಾತ್ರ ಕೊಡ್ತಾರಂತೆ."

"ನಲವತ್ತು ಹೆಜ್ಜೆ ಅಕ್ಕಾ, ಅಷ್ಟಕ್ಕೆ ಹೆದರೋದಾ?" ಸಾಪಾರ್‌ಬೆಕ್ ನಕ್ಕ.

"ಹಾಗಾದ್ರೆ ಕಣ್ಣು ಮುಚ್ಕೊಂಡು ಹೋಗಿ ಬಾ ತಮ್ಮಾ."

ಕುಂದುಜ್ ಅವನ ಮುಖವನ್ನೇ ನೋಡಿದಳು. ಈಗ ಹಿಂದೆ ಸರಿಯುವ ಹಾಗಿರಲಿಲ್ಲ. ಅವನು ಕಣ್ಣು ಮುಚ್ಚಿ, ಕಂಬಿ ಬಿಟ್ಟು ರಸ್ತೆಗಿಳಿದ. ಎಲ್ಲೋ ಒಂದು ಲಾರಿ ಹಾರ್ನ್ ಹೊಡೆಯಿತು. ಮರುಕ್ಷಣ ಅವನು ಮತ್ತೆ ಕಂಬಿ ಹಿಡಿದು ನಿಂತಿದ್ದ.

"ಎಷ್ಟನೇ ಹೆಜ್ಜೆಗೆ ಕಣ್ಣು ಬಿಟ್ಟೆ?" ಬುರುಲ್ಚಾ ಕೇಳಿದಳು.

"...ಮೂರು."

ಕುಂದುಜ್ ಅರ್ಜಿ ತೆರೆದು ನಲವತ್ತನ್ನು ಹೊಡೆದುಹಾಕಿದಳು. ಅಲ್ಲಿ ಏನು ಬರೆಯಬೇಕೆಂದು ಮಾತ್ರ ತಿಳಿಯಲಿಲ್ಲ.

ಬುರುಲ್ಚಾ ಅವನ ಕೈಯನ್ನು ಕಂಬಿಯಿಂದ ಮೆಲ್ಲಗೆ ಬಿಡಿಸಿದಳು. "ಹೋಗು, ಸಹಿ ಪುಸ್ತಕ ತಗೊಂಡು ಬಾ. ಈ ಸಲ ಕಣ್ಣು ಬಿಟ್ಕೊಂಡೇ ದಾಟು."