ನಾಲ್ಕನೇ ಪಂಕ್ಚರ್

ಆ ಹಳೇ ಸೈಕಲ್ಲಿಗೆ ವಾರದಲ್ಲಿ ಅದು ನಾಲ್ಕನೇ ಪಂಕ್ಚರ್. ಊರಿಗೆ ಹೊಸಬನಾದ ಸೈಕಲ್ ರಿಪೇರಿಯ ಗುರುಪಾದಪ್ಪ ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಎದ್ದ ಜಾಗ ನೋಡಿದ. ಮುಳ್ಳಲ್ಲ, ಸೂಜಿಯ ತೂತು. ಈ ಸಲವೂ ವಾಲ್ವಿನ ಪಕ್ಕದಲ್ಲೇ.

"ಯಾರೋ ಬೇಕಂತನ ಚುಚ್ಚಾಕತ್ತಾರ್ರೀ ಅಕ್ಕಾರ. ಹೊಸ ಟೈರು ತರಬ್ಯಾಡ್ರಿ. ಹಳೇ ಟ್ಯೂಬು ಸೀಳಿ ಟೈರಿನೊಳಗ ಹಾಸಿಕೊಡ್ತೀನಿ. ಸೂಜಿ ಇಳಿಯಂಗಿಲ್ಲ."

"ಬ್ಯಾಡ್ರಿ." ಗಂಡನ ಸೈಕಲ್ಲು ತಳ್ಳಿಕೊಂಡು ಬಂದಿದ್ದ ಶಂಕ್ರವ್ವ ಅಂದಳು.

"ಯಜಮಾನ್ರಿಗೆ ದಿನಾ ತ್ರಾಸಲ್ಲೇನ್ರಿ?"

"ಸೈಕಲ್ಲು ರಿಪೇರಿಗೆ ಐತಿ ಅಂದ್ರ ಮನ್ಯಾಗ ಸುಮ್ಮನ ಕುಂದರ್ತಾರ."

"ಇಲ್ಲಂದ್ರ?"

"ಬುತ್ತಿ ಕಟ್ಟಿಕೊಂಡು ಮಿಲ್ಲಿಗೆ ಹೊಂಡ್ತಾರ."

"ದುಡಿಯಾಕ ಹೋಗೋರನ್ನ ಯಾಕ ತಡೀತೀರಿ?"

ಆಕೆ ಸೆರಗಿಗೆ ಚುಚ್ಚಿಕೊಂಡಿದ್ದ ಕೌದಿ ಹೊಲಿಯುವ ಸೂಜಿಯನ್ನು ಮುಟ್ಟಿ ನೋಡಿಕೊಂಡಳು.

"ಆ ಮಿಲ್ಲು ಮುಚ್ಚಿ ಹನ್ನೊಂದು ವರ್ಷ ಆತ್ರಿ."